ಕೈ ಕೇಳದೆ ತಂದ ಪಿಸ್ತೂಲು

ತನಗೊಂದು ಪಿಸ್ತೂಲು ಬೇಕು ಎಂದು ಆರ್ಲಿಸ್ ಯಾರ ಹತ್ತಿರವೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳದಿದ್ದರೂ ಆ ವಸಂತದಲ್ಲಿ ಕಣಿವೆಯ ಅರ್ಧ ಜನ ಅವಳಿಗೊಂದು ಪಿಸ್ತೂಲು ಆರಿಸಿಕೊಡಲು ಟೊಂಕ ಕಟ್ಟಿ ನಿಂತಿದ್ದರು. ಅಂಚೆ ಕಚೇರಿಗೆ ಹೋದರೆ ಅಲ್ಲೊಬ್ಬ, ಚರ್ಚಿನಲ್ಲಿ ಕಾಫಿ ಲೋಟ ಹಿಡಿದು ನಿಂತರೆ ಅಲ್ಲಿಬ್ಬರು. ಮೊಂಟಾನದಲ್ಲಿ ಹವಾಮಾನದ ಬಗ್ಗೆ ಗೊತ್ತಿಲ್ಲ ಅನ್ನುವವರು ಸಿಕ್ಕಾರು, ಸಂಸಾರದ ಬಗ್ಗೆ ಗೊತ್ತಿಲ್ಲ ಅನ್ನುವವರಂತೂ ಬೇಕಾದಷ್ಟು ಸಿಕ್ಕಾರು. ಪಿಸ್ತೂಲಿನ ಬಗ್ಗೆ ಗೊತ್ತಿಲ್ಲ ಅನ್ನುವ ಗಂಡಸು ಮಾತ್ರ ಇನ್ನು ಹುಟ್ಟಿ ಬರಬೇಕು.

ಆರ್ಲಿಸ್ ಆ ಕಣಿವೆಯ ಕಾಲುವೆ ಸಂಘದ ನೀರುಗಂಟಿ. ಬೆಟ್ಟದ ಮಗ್ಗುಲಲ್ಲಿ ಕೊರೆದ ಹಳೆಯ ಕಾಲುವೆ ಅದು. ಹಿಮ ಕರಗಿ ನೀರು ಇಳಿಯಲು ಶುರುವಾದಾಗಿನಿಂದ ಕೊನೆಯ ಹುಲ್ಲು ಕೊಯ್ಲಿನವರೆಗೆ ದಿನಾ ಬೆಳಗ್ಗೆ ಅವಳು ಅದರ ದಂಡೆಯ ಮೇಲೆ ನಡೆಯಬೇಕು. ಕಸಕಡ್ಡಿ ಎಳೆದು ಹಾಕಬೇಕು, ಇಲಿಗಳು ತೋಡಿದ ತೂತು ಮುಚ್ಚಬೇಕು, ಸರದಿ ಬಂದವರ ತೂಬು ಎತ್ತಬೇಕು, ಸರದಿ ಮುಗಿದವರ ತೂಬು ಇಳಿಸಿ ಅವರಿಂದ ಬೈಸಿಕೊಳ್ಳಬೇಕು. ಜೊತೆಗೆ ಬಿಸ್ಕಿಟ್ ಎಂಬ ಶುದ್ಧ ಹೇಡಿ ನಾಯಿ, ಹೆಗಲ ಮೇಲೊಂದು ಸಲಿಕೆ, ಚೀಲದಲ್ಲಿ ಅಪ್ಪನ ಕಾಲದ ಹಸಿರು ಥರ್ಮಾಸ್. ಅಷ್ಟು ಹೊತ್ತು ಅವಳನ್ನು ಯಾರೂ ಮಾತಾಡಿಸುವುದಿಲ್ಲ. ಡ್ವೇನ್‌ನಂಥ ಗಂಡನ ಜೊತೆ ಬಾಳುವ ಹೆಂಗಸಿಗೆ ಇದು ಸಂಬಳಕ್ಕಿಂತ ದೊಡ್ಡ ಲಾಭ. ಆ ಕೆಲಸವನ್ನು ಕಿತ್ತುಕೊಂಡರೆ ತಾನು ಒಂದು ಬೇಸಿಗೆಯೂ ನೆಟ್ಟಗೆ ಇರಲಾರೆ ಎಂದು ಆರ್ಲಿಸ್‌ಗೆ ಚೆನ್ನಾಗಿ ಗೊತ್ತಿತ್ತು.

ಕಿತ್ತುಕೊಳ್ಳುವ ಮಾತು ಬಂದದ್ದೇ ಪೂಮಾ ಎಂಬ ಚಿರತೆ ಜಾತಿಯ ಬೆಟ್ಟದ ಮೃಗದಿಂದ. ಮೂರನೇ ತೂಬಿನ ಆಚೆ ಯಾರದೋ ಎರಡು ಆಡು ತಿಂದಿದ್ದ ಪೂಮಾ ಒಂದು ಬೆಳಗ್ಗೆ ಬಂಡೆಯ ಮೇಲೆ ಕುಳಿತು ಆರ್ಲಿಸಳನ್ನೇ ನೋಡುತ್ತಿತ್ತು. ಬಿಸ್ಕಿಟ್ ಅವಳ ಕಾಲ ಸಂದಿಯಲ್ಲಿ ತೂರಿಕೊಂಡಿತು. ಅವಳು ಸೊಂಟದಲ್ಲಿದ್ದ ಖಾರ ಚಿಮ್ಮುವ ಡಬ್ಬಿ ತೆಗೆದು ಒತ್ತಿದಳು. ಕರಡಿಗೆಂದು ಎಲ್ಲರೂ ಇಟ್ಟುಕೊಳ್ಳುವ ಡಬ್ಬಿಯೇ. ಆದರೆ ಆ ಕಮರಿಯಲ್ಲಿ ಬೆಳಗಿನ ಗಾಳಿ ಮೇಲಿನಿಂದ ಕೆಳಕ್ಕೆ ಬೀಸುತ್ತದೆ, ಪೂಮಾ ಇದ್ದದ್ದು ಮೇಲೆ. ಖಾರವೆಲ್ಲ ವಾಪಸ್ ಬಂದು ಅವಳ ಕಣ್ಣಿಗೂ ನಾಯಿಯ ಮೂಗಿಗೂ ಬಿತ್ತು. ಪೂಮಾ ಆಕಳಿಸಿ ಎದ್ದು ಹೋಯಿತಂತೆ. ಅವಳು ಕಾಲುವೆಗೆ ಮುಖ ಅದ್ದಿ ಅದ್ದಿ ಮನೆ ಸೇರಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾದಿನಿ ಲವೋನ್ ಹತ್ತಿರ ಹೇಳಿಕೊಂಡಳು. ಲವೋನ್‌ಗೆ ಹೇಳುವುದೂ ಒಂದೇ, ಡಂಗುರ ಸಾರಿಸುವುದೂ ಒಂದೇ.

ವಾರದೊಳಗೆ ಸಂಘದ ಅಧ್ಯಕ್ಷ ಮರ್ಲ್ ತನ್ನ ಪಿಕಪ್ ನಿಲ್ಲಿಸಿ ಕಿಟಕಿ ಇಳಿಸಿದ. ಮುದುಕ ಕೆಟ್ಟವನಲ್ಲ. ಮಾತು ಕಮ್ಮಿ, ಹುಲ್ಲಿನ ಚಿಂತೆ ಜಾಸ್ತಿ.

"ನೋಡು ಆರ್ಲಿಸ್, ನಾಳೆ ನಿಂಗೇನಾದ್ರೂ ಆದ್ರೆ ಸಂಘದವರು ನನ್ನ ಕುತ್ತಿಗೆ ಹಿಡೀತಾರೆ. ಒಂದು ಪಿಸ್ತೂಲು ಇಟ್ಕೋ. ಈ ತಿಂಗಳ ಕೊನೇ ಶನಿವಾರ ಜಲ್ಲಿ ಕ್ವಾರಿಗೆ ಬಾ. ತುಂಬಿಸು, ಹೊಡಿ, ಖಾಲಿ ಮಾಡು. ಮೂರೂ ನನ್ನ ಕಣ್ಣೆದುರು ಸರಿಯಾಗಿ ಆದ್ರೆ ಕಾಲುವೆ ನಿಂದೇ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ನನ್ನ ಅಣ್ಣನ ಮಗ ಟ್ರೇಸ್ ಕೇಳ್ತಾ ಇದಾನೆ. ಅವನ ಹತ್ರ ದಂಡೆ ಮೇಲೇ ಓಡೋ ನಾಲ್ಕು ಚಕ್ರದ ಸಣ್ಣ ಮೋಟಾರು ಬಂಡಿ ಇದೆ. ನಡಿಯೋದೇ ಬೇಡ ಅಂತಾನೆ."

ನಡಿಯುವುದೇ ಬೇಡವಂತೆ! ನಡೆಯದವನಿಗೆ ಇಲಿ ತೋಡಿದ ತೂತು ಹೇಗೆ ಕಾಣುತ್ತದೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಯಾಕೆಂದರೆ ಅವಳ ತಲೆಗೆ ಆಗಲೇ ಬೇರೆ ಚಿಂತೆ ಹೊಕ್ಕಿತ್ತು.

ಕಾರಣ ಅವಳ ಎಡಗೈ. ನಾಲ್ಕು ವರ್ಷದ ಹಿಂದೆ ಮೂರನೇ ತೂಬು ಎತ್ತುವ ಚಕ್ರ ಜಾರಿ ಹಿಂದಕ್ಕೆ ತಿರುಗಿ ಅವಳ ಎಡಗೈ ಮಣಿಕಟ್ಟನ್ನು ಮುರಿದಿತ್ತು. ಕೈ ಹೋದ ನೀರುಗಂಟಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಂಜಿನ ಮೇಲೆ ಜಾರಿ ಉಳುಕಿತು ಎಂದು ಸುಳ್ಳು ಹೇಳಿ, ಪಟ್ಟಿ ಸುತ್ತಿಕೊಂಡು ದಿನ ತಳ್ಳಿದಳು. ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತು. ಈಗ ಆ ಕೈ ಹಿಡಿಯಬಲ್ಲದು, ತಿರುಚಲಾರದು, ಎಳೆಯಲಾರದು. ಡ್ವೇನ್‌ಗೂ ಹೇಳಿರಲಿಲ್ಲ. ಮೈಲಿ ದೂರದ ಜಿಂಕೆಯ ಕೊಂಬಿಗೆ ಎಷ್ಟು ಕವಲು ಎಂದು ಹೇಳಬಲ್ಲ ಮಹಾಶಯನಿಗೆ ಪಕ್ಕದಲ್ಲೇ ಕೂತು ಉಣ್ಣುವವಳ ಮಣಿಕಟ್ಟು ಡೊಂಕಾದದ್ದು ಕಂಡಿರಲಿಲ್ಲ. ಅದೂ ಒಂದು ಪುಣ್ಯವೇ ಅಂದುಕೊಂಡಿದ್ದಳು.

ತೂಬು ಎತ್ತಲು ಅವಳು ತನ್ನದೇ ಒಂದು ರೀತಿ ಕಂಡುಕೊಂಡಿದ್ದಳು. ಚಕ್ರವನ್ನು ಕೈಯಿಂದ ತಿರುಗಿಸುವುದಲ್ಲ. ಎಡಗೈ ಸುಮ್ಮನೆ ಕಚ್ಚಿ ಹಿಡಿದಿರಬೇಕು, ಮೊಣಕೈ ಪಕ್ಕೆಗೆ ಒತ್ತಿಕೊಂಡಿರಬೇಕು, ನೂಕುವ ಕೆಲಸ ಬಲ ಹೆಗಲಿನದು ಮತ್ತು ಸೊಂಟದ್ದು. ಹಾಗೆ ಮಾಡಿದರೆ ಎಂಥ ತುಕ್ಕು ಹಿಡಿದ ತೂಬೂ ಮೇಲೆ ಬರುತ್ತಿತ್ತು. ನಾಲ್ಕು ವರ್ಷದಲ್ಲಿ ಯಾರ ಹೊಲಕ್ಕೂ ನೀರು ತಪ್ಪಿರಲಿಲ್ಲ.

ಪಿಸ್ತೂಲು ಎಂದ ಕೂಡಲೇ ಡ್ವೇನ್‌ಗೆ ಹೋದ ಪ್ರಾಯ ಮರಳಿ ಬಂತು. ಮಾರನೆಯ ದಿನವೇ ಅವಳನ್ನು ಆರ್ವಿಡ್‌ನ ಅಂಗಡಿಗೆ ಹೊರಡಿಸಿದ. ಕರೆಯದಿದ್ದರೂ ಲವೋನ್ ಹಿಂದಿನ ಸೀಟಿನಲ್ಲಿ ಬಂದು ಕೂತಳು. ಆರ್ವಿಡ್ ನಲವತ್ತು ವರ್ಷ ಬಂದೂಕು ಮಾರಿ, ಹೊಡೆದು, ಎರಡೂ ಕಿವಿ ಕಳೆದುಕೊಂಡಿದ್ದ ಮನುಷ್ಯ.

"ಇವಳಿಗೊಂದು ಪಿಸ್ತೂಲು," ಅಂದ ಡ್ವೇನ್, ಇವಳು ಪಕ್ಕದಲ್ಲಿ ಇಲ್ಲವೇ ಇಲ್ಲ ಎಂಬಂತೆ. "ಕೋಟಿನೊಳಗೆ ಅಡಗಬೇಕು."

"ಅಡುಗೆಗಾ?" ಅಂದ ಆರ್ವಿಡ್.

"ಅಡಗಬೇಕು ಮಾರಾಯ! ಸಣ್ಣದಿರಬೇಕು. ಆದ್ರೆ ಪೂಮಾ ಬಂದ್ರೆ ಪೂಮಾ ಮಲಗಬೇಕು, ಕರಡಿ ಬಂದ್ರೆ ಕರಡೀನೂ ಮಲಗಬೇಕು."

"ನಾನು ಎಲ್ಲಿ ಮಲಗಬೇಕು ಅಂತ್ಲೂ ನೀನೇ ಹೇಳಿಬಿಡು," ಅಂದಳು ಆರ್ಲಿಸ್. ಯಾರೂ ಕೇಳಿಸಿಕೊಳ್ಳಲಿಲ್ಲ.

ಲವೋನ್ ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ಕೂಗಿಕೊಂಡಳು. "ಅಯ್ಯೋ, ಇದು ನೋಡೇ! ನೇರಳೆ ಬಣ್ಣ! ಎಷ್ಟು ಮುದ್ದಾಗಿದೆ! ನಿನ್ನ ಚರ್ಚಿನ ಕೋಟಿಗೆ ಸರಿಯಾಗಿ ಮ್ಯಾಚ್ ಆಗತ್ತೆ ಕಣೇ."

"ಪೂಮಾ ನನ್ನ ಕೋಟು ನೋಡೋಕೆ ಬರಲ್ಲ ಲವೋನ್."

"ನಿಂಗೆ ರುಚೀನೇ ಇಲ್ಲ. ಮೊದಲಿಂದ್ಲೂ ಇಲ್ಲ."

ಡ್ವೇನ್ ಅಷ್ಟರಲ್ಲಿ ತನಗೆ ಬೇಕಾದದ್ದನ್ನು ಎತ್ತಿಕೊಂಡಿದ್ದ. ಅಂಗೈಯಗಲದ ಪಿಸ್ತೂಲು, ಹೆಬ್ಬೆರಳು ಗಾತ್ರದ ತೋಟಾ. ಗುಂಡಿನ ಅಳತೆ ಫಾರ್ಟಿಫೈವ್ ಅಂತೆ. "ಸಣ್ಣ ಮೈ, ದೊಡ್ಡ ಗುಂಡು," ಅಂದ. ಆ ಎರಡು ಮಾತು ಹೇಳುವಾಗ ಅವನ ಕಣ್ಣಲ್ಲಿ ಇದ್ದ ಪ್ರೀತಿ ಮದುವೆಯ ದಿನವೂ ಇರಲಿಲ್ಲ. ಅವಳ ಕೈಗೆ ಕೊಟ್ಟು, "ಸ್ಲೈಡು ಎಳಿ," ಅಂದ.

ಪಿಸ್ತೂಲಿನ ಬೆನ್ನ ಮೇಲಿನ ಉಕ್ಕಿನ ಹೊದಿಕೆಯೇ ಸ್ಲೈಡು. ಬಲಗೈಲಿ ಹಿಡಿ ಹಿಡಿದು ಎಡಗೈಲಿ ಅದನ್ನು ಹಿಂದಕ್ಕೆ ಎಳೆದು ಬಿಟ್ಟರೆ ತೋಟಾ ಒಳಗೆ ಹೋಗಿ ಕೂರುತ್ತದೆ. ಆರ್ಲಿಸ್ ಎಳೆದಳು. ಮಣಿಕಟ್ಟಿನಲ್ಲಿ ಮಿಂಚು ಹೊಡೆದಂತಾಯಿತು. ಸ್ಲೈಡು ಕೂದಲೆಳೆಯಷ್ಟೂ ಅಲುಗಲಿಲ್ಲ.

"ತುಂಬ ಗಟ್ಟಿ ಇದೆ," ಅಂದಳು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಅಂದಳು ಲವೋನ್.

"ಸಣ್ಣ ಪಿಸ್ತೂಲಿಗೆ ಸ್ಪ್ರಿಂಗು ಗಟ್ಟಿನೇ ಇರತ್ತೆ," ಡ್ವೇನ್ ಶುರುಮಾಡಿದ. "ಗುಂಡು ದೊಡ್ಡದು, ಮೈ ಚಿಕ್ಕದು, ಆ ಒದೆ ತಡೀಬೇಕಲ್ಲ? ಅಭ್ಯಾಸ ಆದ್ರೆ ಬರತ್ತೆ. ಮನಸ್ಸಿಟ್ಟು ಎಳೀಬೇಕು."

ಮನಸ್ಸಿಟ್ಟು ಎಳೆಯಬೇಕಂತೆ. ಮನಸ್ಸಿಗೇನು ಮಣಿಕಟ್ಟಿದೆಯೇ? ಅವಳು ಪಿಸ್ತೂಲನ್ನು ಗಾಜಿನ ಮೇಲಿಟ್ಟು, ನೋಡೋಣ, ಇನ್ನೂ ದಿನ ಇದೆ ಅಂದಳು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಅವಳಿಗೆ ತಲೆ ಚಿಟ್ಟು ಹಿಡಿಯುತ್ತದೆ. ಬೆಳಗ್ಗೆ ಪ್ಯಾನ್‌ಕೇಕ್ ಮಗುಚುವಾಗ ಒಂಬತ್ತು ಎಂಎಂ ಗುಂಡಿನ ಮಾತು. ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಹತ್ತು ಎಂಎಂ. ರಾತ್ರಿ ಊಟಕ್ಕೆ ಕೂತರೆ ಸೊಂಟದ ಯಾವ ಕಡೆ ಸಿಕ್ಕಿಸಬೇಕು, ಚರ್ಮದ ಚೀಲವೋ ಪ್ಲಾಸ್ಟಿಕ್ಕಿನದೋ. ಗ್ಯಾರೇಜಿನ ಬಾಗಿಲ ಮೇಲೆ ಡ್ವೇನ್ ತನ್ನ ಕೈಯಾರೆ ಬರೆದು ನೇತುಹಾಕಿದ ಹಲಗೆಯಿತ್ತು: ಖಾಲಿ ಬಂದೂಕು ಎಂಬುದು ಇಲ್ಲ. ಆ ಊರಿನಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಮಾತು ಅದು: ತೆರೆದು ನೋಡುವವರೆಗೆ ಪ್ರತಿ ಬಂದೂಕೂ ತುಂಬಿದ್ದೇ. ಅದರ ಕೆಳಗೆ ನಿಲ್ಲಿಸಿ ದಿನಾ ಪಾಠ.

"ಹೊಟ್ಟೆ, ಗಂಟಲು, ಕಿರುಬೆರಳು. ಹೇಳು."

"ಹೇಳಿದೀನಲ್ಲ ನಿನ್ನೆ."

"ಇವತ್ತೂ ಹೇಳು. ಹಿಡಿಯೊಳಗೆ ತೋಟಾ ತುಂಬಿರೋ ಮ್ಯಾಗಝೀನು ಇದೆಯಲ್ಲ, ಅದು ಹೊಟ್ಟೆ. ಖಾಲಿ ಮಾಡೋವಾಗ ಮೊದಲು ಹೊಟ್ಟೆ ಹೊರಗೆ ತೆಗೀಬೇಕು. ಆಮೇಲೆ ಸ್ಲೈಡು ಎಳೆದು ಗಂಟಲಲ್ಲಿರೋದನ್ನ ಉಗುಳಿಸಬೇಕು. ಆಮೇಲೆ ಗಂಟಲಿಗೆ ಕಿರುಬೆರಳು ಹಾಕಿ ಏನೂ ಇಲ್ಲ ಅಂತ ಮುಟ್ಟಿ ನೋಡಬೇಕು. ಉಲ್ಟಾ ಮಾಡಿದ್ರೆ ಏನಾಗತ್ತೆ?"

"ಗಂಟಲಲ್ಲಿರೋದು ಹೊರಗೆ ಬಿತ್ತು, ಹೊಟ್ಟೇಲಿರೋ ಇನ್ನೊಂದು ಗಂಟಲಿಗೆ ಬಂತು. ಆಮೇಲೆ ಹೊಟ್ಟೆ ತೆಗೆದು ಖಾಲಿ ಖಾಲಿ ಅಂತ ಕುಣಿದ್ರೆ ಸತ್ತೆ. ನಂಗೊತ್ತು ಡ್ವೇನ್. ಬಿಸ್ಕಿಟ್‌ಗೂ ಗೊತ್ತು. ಫ್ರಿಜ್ಜಿಗೂ ಗೊತ್ತಾಗಿದೆ ಇಷ್ಟೊತ್ತಿಗೆ."

"ಜೋಕ್ ಮಾಡ್ಬೇಡ. ನಾನಿಲ್ಲದೆ ಇರೋ ಜಾಗದಲ್ಲಿ ನೀನು ಒಬ್ಬಳೇ ಇರ್ತೀಯ."

ಅವನಿಲ್ಲದ ಜಾಗ ಎಂದರೆ ಕಾಲುವೆ ದಂಡೆ. ಭೂಮಿಯ ಮೇಲೆ ಅವಳಿಗೆ ಉಳಿದಿದ್ದ ಅಂಥ ಜಾಗ ಅದೊಂದೇ.

ಅವಳ ಹುಟ್ಟುಹಬ್ಬ ಬಂತು. ಡ್ವೇನ್ ರಿಬ್ಬನ್ ಕಟ್ಟಿದ ಪೆಟ್ಟಿಗೆ ತಂದು ಮುಂದಿಟ್ಟ. ತೆಗೆದರೆ ಅದೇ ಫಾರ್ಟಿಫೈವ್. ಅದೇ ಹೆಬ್ಬೆರಳು ಗಾತ್ರದ ತೋಟಾ, ಅದೇ ಗಟ್ಟಿ ಸ್ಲೈಡು. ಲವೋನ್ ಚಪ್ಪಾಳೆ ತಟ್ಟಿದಳು. ಆರ್ಲಿಸ್ ಕೇಕು ನುಂಗುತ್ತ ನಕ್ಕಳು. ಅವನು ಮಲಗಿದ ಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು, ತೋಟಾ ಇಲ್ಲದ ಆ ಪಿಸ್ತೂಲನ್ನು ಟವೆಲ್ ಸುತ್ತಿ ಎಳೆದಳು, ಹಲ್ಲು ಕಚ್ಚಿ ಎಳೆದಳು. ಕಣ್ಣಲ್ಲಿ ನೀರು ಬಂತೇ ಹೊರತು ಸ್ಲೈಡು ಬರಲಿಲ್ಲ. ಹೇಳಿಬಿಡಲೇ ಅಂದುಕೊಂಡಳು. ಡ್ವೇನ್‌ಗೆ ಹೇಳಿದರೆ ಲವೋನ್‌ಗೆ ಹೇಳಿದ ಹಾಗೆ, ಲವೋನ್‌ಗೆ ಹೇಳಿದರೆ ಮರ್ಲ್‌ಗೆ ಹೇಳಿದ ಹಾಗೆ. ಟ್ರೇಸ್ ನಾಳೆಯೇ ಬಂಡಿ ಸ್ಟಾರ್ಟ್ ಮಾಡುತ್ತಾನೆ. ಅವಳು ಮುಖ ತೊಳೆದುಕೊಂಡು ಬಂದು ಮಲಗಿದಳು.

ಕ್ವಾರಿಯ ಶನಿವಾರಕ್ಕೆ ಎರಡು ದಿನ ಮೊದಲು, ಗುರುವಾರ, ಯಾರಿಗೂ ಹೇಳದೆ, ಒಬ್ಬಳೇ ಆರ್ವಿಡ್‌ನ ಅಂಗಡಿಗೆ ಹೋದಳು. ಆರ್ವಿಡ್ ಫೋನಿನಲ್ಲಿ ಯಾರ ಜೊತೆಗೋ ಕಿರುಚಾಡುತ್ತಿದ್ದ. ಅವಳು ಬೆರಳು ತೋರಿಸಿದ್ದನ್ನೆಲ್ಲ ತೆಗೆದು, ಖಾಲಿ ಎಂದು ತೋರಿಸಿ, ಮುಂದಿಟ್ಟು ಮತ್ತೆ ಕಿರುಚಲು ಹೋದ. ಅವಳಿಗೆ ಅದೇ ಬೇಕಾಗಿದ್ದದ್ದು. ಸಲಹೆ ಕೊಡುವವನಿಲ್ಲದ ಅರ್ಧ ಗಂಟೆ! ಒಂದೊಂದನ್ನೇ ಹಿಡಿದಳು, ಗೋಡೆಯ ಕಡೆಗಿಟ್ಟು ಎಳೆದಳು, ಆಗದ್ದನ್ನು ಪಕ್ಕಕ್ಕೆ ಸರಿಸಿದಳು. ಕೊನೆಗೊಂದು ಕಪ್ಪು ಪಿಸ್ತೂಲು. ಹಿಡಿ ಉದ್ದ, ಕಿರುಬೆರಳಿಗೂ ಜಾಗವಿತ್ತು. ಸ್ಲೈಡನ್ನು ಹೆದರಿಕೊಂಡೇ ಎಳೆದಳು. ಬೆಣ್ಣೆ ಡಬ್ಬಿಯ ಮುಚ್ಚಳದಂತೆ ಬಂದುಬಿಟ್ಟಿತು. ನಂಬಿಕೆಯಾಗದೆ ಮತ್ತೆ ಎಳೆದಳು. ಮತ್ತೆ ಬಂತು.

ಆರ್ವಿಡ್ ಫೋನಿಟ್ಟು ಬಂದ. "ಅದು ತ್ರೀ-ಎಯ್ಟಿ. ಗುಂಡು ಸಣ್ಣದು. ಡ್ವೇನ್ ನಗ್ತಾನೆ."

"ನಗ್ಲಿ. ಇದು ನನ್ನ ಕೈಗೆ ಬರತ್ತೆ."

"ಕರಡಿಗೆ ಸಾಲಲ್ಲ."

"ಕರಡಿಗೆ ದಾರಿ ಬಿಡ್ತೀನಿ. ಇಷ್ಟು ವರ್ಷ ಬಿಟ್ಟಿಲ್ವಾ?"

ಆರ್ವಿಡ್‌ಗೆ ಎಷ್ಟು ಕೇಳಿಸಿತೋ, ತಲೆಯಾಡಿಸಿ ಡಬ್ಬಿಗೆ ಹಾಕಿಕೊಟ್ಟ. ಎರಡು ದಿನ ಅವಳು ಸಂಜೆ ಕೆಲಸ ಮುಗಿಸಿ ನೇರ ಕ್ವಾರಿಗೆ ಹೋಗಿ, ಮಣ್ಣಿನ ಗೋಡೆಗೆ ಹೊಡೆದು ಹೊಡೆದು ಕಲಿತಳು. ಪಿಸ್ತೂಲನ್ನು ಊಟದ ಡಬ್ಬಿಯ ಚೀಲದಲ್ಲಿ ಅಡಗಿಸಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಂದ ಬಂದೂಕು ಬಚ್ಚಿಡುವ ಹೆಂಗಸು ತಾನೊಬ್ಬಳೇ ಇರಬೇಕು ಎಂದು ಅವಳಿಗೇ ನಗು ಬಂತು.

ಶನಿವಾರ ಬೆಳಗ್ಗೆ ಎಲ್ಲರೂ ಕ್ವಾರಿಯಲ್ಲಿ ಸೇರಿದರು. ಮರ್ಲ್ ಮಡಚುವ ಕುರ್ಚಿ ಹಾಕಿಕೊಂಡು ಕೂತ. ಲವೋನ್ ಮೇಳಕ್ಕೆ ಬಂದವಳಂತೆ ಡೋನಟ್ ಡಬ್ಬಿ ತಂದಿದ್ದಳು. ಎದುರಿಗೆ ಜಲ್ಲಿಯ ಎತ್ತರದ ಗೋಡೆ, ಅದಕ್ಕೊರಗಿಸಿದ ಪ್ಲೈವುಡ್ ಹಲಗೆ. ಆರ್ಲಿಸ್ ಡ್ವೇನ್‌ನ ಪಿಕಪ್ಪಿನ ಹಿಂದೆ ನಿಂತು ಥರ್ಮಾಸನ್ನು ಕಾಲ ಬಳಿ ಇಟ್ಟುಕೊಂಡಳು. ತನ್ನ ಪಿಸ್ತೂಲಿದ್ದ ಊಟದ ಚೀಲ ಹೆಗಲಲ್ಲಿತ್ತು. ಈಗ ಹೇಳೋಣ, ಇನ್ನೊಂದು ಗಳಿಗೆಗೆ ಹೇಳೋಣ ಎಂದು ಕಾಯುತ್ತಿದ್ದಳು.

"ಮೊದಲು ನಾನು ತೋರಿಸ್ತೀನಿ," ಅಂದ ಡ್ವೇನ್. ಕೇಳಿದವರು ಯಾರು? ಫಾರ್ಟಿಫೈವ್ ತುಂಬಿಸಿದ, ಹಲಗೆಗೆ ಎರಡು ಹೊಡೆದ. ಕಿವಿ ಮುಚ್ಚಿಕೊಂಡಿದ್ದರೂ ಎದೆ ಝಲ್ಲೆಂದಿತು. ಡ್ವೇನ್ ಕಿವಿಗೆ ಹಾಕಿದ್ದ ಮುಚ್ಚಳ ಇಳಿಸಿ ಹೆಮ್ಮೆಯಿಂದ ತಿರುಗಿದ.

ಮರ್ಲ್ ಮೂಗು ಉಜ್ಜಿಕೊಂಡ. "ಅವಳಿಗೆ ಇದು ಜಾಸ್ತಿ ಆಗಲ್ವೇನಯ್ಯ? ನಮ್ಮಪ್ಪ ಇಪ್ಪತ್ತೆರಡರ ಸಣ್ಣ ಗುಂಡಿನಲ್ಲೇ ಬದುಕಿಡೀ ಕಳೆದ."

ಅಷ್ಟೇ ಸಾಕಾಯಿತು. ಡ್ವೇನ್ ಹತ್ತಿರ ಬಂದೂಕಿನ ವಿಷಯದಲ್ಲಿ ಇನ್ನೊಬ್ಬರ ಅಪ್ಪನನ್ನು ತರಬಾರದು. "ಇಪ್ಪತ್ತೆರಡಾ? ಪೂಮಾಗಾ? ಅದು ತುರಿಸಿಕೊಂಡು ಹೋಗತ್ತೆ ಮರ್ಲ್!" ಎನ್ನುತ್ತ ಪಿಕಪ್ಪಿನ ಕಡೆ ಬಂದ. ಮಾತಾಡುತ್ತಲೇ ಸ್ಲೈಡು ಎಳೆದ. ಗಂಟಲಲ್ಲಿದ್ದ ತೋಟಾ ಹೊರಗೆ ಹಾರಿತು. ಅದನ್ನು ಗಾಳಿಯಲ್ಲೇ ಹಿಡಿದ, ಹಿಡಿದದ್ದನ್ನು ಎಲ್ಲರೂ ನೋಡಿದರೇ ಎಂದು ನೋಡಿದ. ಆಮೇಲೆ ಮ್ಯಾಗಝೀನು ಹೊರಗೆಳೆದ.

ಆರ್ಲಿಸ್ ನೋಡುತ್ತಿದ್ದಳು. ಮೊದಲು ಗಂಟಲು, ಆಮೇಲೆ ಹೊಟ್ಟೆ. ಒಂದು ಕ್ಷಣ ತನಗೇ ತಲೆಕೆಟ್ಟಿತೇ ಅಂದುಕೊಂಡಳು.

"ಡ್ವೇನ್, ಹೊಟ್ಟೆ..."

"ನಾನು ಮಾತಾಡ್ತಾ ಇದೀನಲ್ಲ! ನೋಡಿ ಮರ್ಲ್, ಖಾಲಿ ಮಾಡೋದು ಎಷ್ಟು ಸುಲಭ," ಅಂದು ಪಿಸ್ತೂಲಿನ ಮೂತಿ ನೆಲಕ್ಕೆ ಮಾಡಿ ಟ್ರಿಗರ್ ಒತ್ತಿದ.

ಢಂ ಎಂದಿತು.

ಆರ್ಲಿಸಳ ಕಾಲಿಗೆ ಏನೋ ಬಡಿಯಿತು. ಬೂಟಿನೊಳಗೆ ಬಿಸಿಬಿಸಿಯಾಗಿ ಹರಿಯತೊಡಗಿತು. ಲವೋನ್ ಕಿರುಚಿದ್ದು ಎಲ್ಲೋ ದೂರದಿಂದ ಕೇಳಿಸಿತು. ಬಗ್ಗಿ ನೋಡುವ ಧೈರ್ಯ ಬರಲಿಲ್ಲ. ಹಾಳಾದವನು, ಕೊಂದೇಬಿಟ್ಟನಲ್ಲ ಅಂದುಕೊಂಡಳು. ಆಮೇಲೆ ಕಾಫಿಯ ವಾಸನೆ ಬಂತು. ಅಪ್ಪನ ಹಸಿರು ಥರ್ಮಾಸ್ ಹೊಟ್ಟೆ ಒಡೆದು ಬಿದ್ದಿತ್ತು, ಅವಳ ಬೂಟಿಗೂ ಅದಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ.

ಡ್ವೇನ್ ಪಿಸ್ತೂಲನ್ನು ಪಿಕಪ್ಪಿನ ಹಿಂಬದಿಯ ಹಲಗೆಯ ಮೇಲೆ ಇಟ್ಟ, ಇಟ್ಟನೋ ಬೀಳಿಸಿದನೋ. "ಆರ್ಲಿಸ್... ನಾನು... ಮೂವತ್ತು ವರ್ಷದಲ್ಲಿ..."

ಆಗ ಆರ್ಲಿಸಳ ಕಟ್ಟೆ ಒಡೆಯಿತು.

"ಮೂವತ್ತು ವರ್ಷ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಹೊಟ್ಟೆ, ಗಂಟಲು, ಕಿರುಬೆರಳು ಅಂತ ನನ್ನ ಪ್ರಾಣ ತಿಂದ್ಯಲ್ಲೋ! ಪ್ಯಾನ್‌ಕೇಕ್ ಸುಡೋವಾಗ್ಲೂ ಬಿಡಲಿಲ್ಲ! ಒಂದು ಮಾತು, ಒಂದೇ ಒಂದು ಮಾತು ನಾನು ಹೇಳಿದ್ರೆ, ನಾನು ಮಾತಾಡ್ತಿದೀನಿ ಅಂತೀಯ! ಎಲ್ಲಾರೂ ಮಾತಾಡಿದ್ರಿ. ಗುಂಡು ದೊಡ್ಡದು ಅಂದ್ರಿ, ಬಣ್ಣ ಮುದ್ದಾಗಿದೆ ಅಂದ್ರಿ. ನಿನ್ನ ಕೈಲಿ ಆಗತ್ತಾ ಅಂತ ಒಬ್ಬರಾದ್ರೂ ಕೇಳಿದ್ರಾ? ನೋಡು, ಈ ಕೈ ನೋಡು!" ತೋಳು ಸರಿಸಿ ಎಡಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು. "ನಾಲ್ಕು ವರ್ಷ ಆಯ್ತು ಮುರಿದು! ಮೂರನೇ ತೂಬು ಮುರೀತು! ಡೊಂಕಾಗಿ ಕೂಡಿದೆ, ಕುರುಡನಿಗೂ ಕಾಣತ್ತೆ! ನಿನ್ನ ಪಿಸ್ತೂಲು ಈ ಕೈಗೆ ಬರಲ್ಲ, ಯಾವತ್ತೂ ಬರಲ್ಲ!"

ಹೇಳಿ ಮುಗಿಸಿದ ಮೇಲೆ ಅವಳಿಗೆ ಹೊಳೆಯಿತು, ಮರ್ಲ್ ಕೇಳಿಸಿಕೊಂಡಿದ್ದ. ಹೋಯಿತು, ಇಷ್ಟು ವರ್ಷ ಮುಚ್ಚಿಟ್ಟದ್ದು ಒಂದು ಸಿಟ್ಟಿಗೆ ಹೋಯಿತು.

ಮರ್ಲ್ ಕುರ್ಚಿಯಿಂದ ಏಳಲಿಲ್ಲ. "ನನ್ನ ತೂಬಾ?" ಅಂದ.

"ನಿಮ್ಮ ತೂಬೇ. ಚಕ್ರಕ್ಕೆ ಹೊಸ ಬೋಲ್ಟು ಹಾಕ್ಸಿ ಅಂತ ಮೂರು ಸಲ ಹೇಳಿದ್ದೆ."

ಮರ್ಲ್ ಟೋಪಿ ತೆಗೆದು ನೋಡಿಕೊಂಡು ಮತ್ತೆ ಹಾಕಿಕೊಂಡ. ಪಿಕಪ್ಪಿನ ಹಲಗೆಯ ಮೇಲೆ ಫಾರ್ಟಿಫೈವ್ ಬಿದ್ದಿತ್ತು. ಅದರೊಳಗೆ ಇನ್ನೇನೂ ಇರಲಾರದು. ಆದರೆ ಇರಲಾರದು ಅಂದುಕೊಂಡೇ ಈಗ ಇಷ್ಟಾಗಿತ್ತು. ಖಾಲಿ ಬಂದೂಕು ಎಂಬುದು ಇಲ್ಲ. ಯಾರಾದರೂ ತೆರೆದು ನೋಡಲೇಬೇಕು. ಡ್ವೇನ್ ಕೈ ಚಾಚಿದ, ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡ. ಲವೋನ್ ಡೋನಟ್ ಡಬ್ಬಿ ಅಪ್ಪಿಕೊಂಡು ಅಳುತ್ತಿದ್ದಳು.

"ಸರಿ ಬಿಡು," ಅಂದಳು ಆರ್ಲಿಸ್, ಬೇಸತ್ತವಳ ದನಿಯಲ್ಲಿ. "ಇದೂ ನಾನೇ ಮಾಡ್ಬೇಕು."

ಪಿಸ್ತೂಲು ಎತ್ತಿಕೊಂಡಳು. ಮ್ಯಾಗಝೀನಿನ ಜಾಗ ನೋಡಿದಳು, ಹೊಟ್ಟೆ ಹೊರಗಿದೆ. ಇನ್ನು ಗಂಟಲು. ಮೂತಿ ಜಲ್ಲಿ ಗೋಡೆಯ ಕಡೆಗೇ ಇರುವಂತೆ ಮೈಯನ್ನು ಅಡ್ಡಲಾಗಿ ತಿರುಗಿಸಿದಳು. ಎಳೆಯಲು ಹೋಗಲಿಲ್ಲ. ಸಿಟ್ಟಿನಲ್ಲಿ ಕೈ ತನ್ನ ರೂಢಿಯ ಕೆಲಸಕ್ಕೆ ತಾನೇ ಹೊರಟಿತ್ತು. ಎಡಗೈ ಸ್ಲೈಡನ್ನು ಮೇಲಿನಿಂದ ಕಚ್ಚಿ ಹಿಡಿಯಿತು, ಮೊಣಕೈ ಪಕ್ಕೆಗೆ ಒತ್ತಿಕೊಂಡಿತು, ಬಲ ಹೆಗಲು ಸೊಂಟದ ಜೊತೆ ಸೇರಿ ಹಿಡಿಯನ್ನು ಮುಂದಕ್ಕೆ ನೂಕಿತು. ಮೂರನೇ ತೂಬು ಎತ್ತುವ ಹಾಗೆಯೇ. ಇಷ್ಟು ದಿನ ಕೂದಲೆಳೆಯಷ್ಟೂ ಅಲುಗದಿದ್ದ ಸ್ಲೈಡು ಪೂರ್ತಿ ತೆರೆದುಕೊಂಡಿತು.

ಅಯ್ಯೋ ನನ್ನ ಹಣೆಬರಹವೇ, ಇಷ್ಟೇನಾ ಅಂದುಕೊಂಡಳು. ಸ್ಲೈಡಿಗೆ ಕೊಕ್ಕೆ ಹಾಕಿ ಗಂಟಲಿಗೆ ಕಿರುಬೆರಳು ಇಟ್ಟು ನೋಡಿದಳು. "ಖಾಲಿ," ಅಂದಳು. ಪಿಕಪ್ಪಿನ ಹಲಗೆಯ ಮೇಲೆ ತೆರೆದೇ ಇಟ್ಟಳು.

"ಮತ್ತೆ ಬರತ್ತೆ ನೋಡು ನಿಂಗೆ!" ಅಂದಳು ಲವೋನ್ ಮೂಗೊರೆಸಿಕೊಳ್ಳುತ್ತ.

"ಬರತ್ತೆ. ಆದ್ರೂ ನಂಗೆ ಬೇಡ." ಅವಳು ಊಟದ ಚೀಲದಿಂದ ತನ್ನ ಕಪ್ಪು ತ್ರೀ-ಎಯ್ಟಿ ತೆಗೆದಳು. ಡ್ವೇನ್ ಅದನ್ನು ನೋಡಿದ, ಬಾಯಿ ತೆರೆದ, ಥರ್ಮಾಸ್ ನೋಡಿದ, ಬಾಯಿ ಮುಚ್ಚಿಕೊಂಡ. ಅವಳು ಎಲ್ಲರನ್ನೂ ಹಿಂದಕ್ಕೆ ನಿಲ್ಲಿಸಿ, ಕಿವಿ ಮುಚ್ಚಿಸಿ, ತುಂಬಿಸಿ, ಪ್ಲೈವುಡ್ ಹಲಗೆಗೆ ಹೊಡೆದಳು. ಗುಂಡುಗಳೆಲ್ಲ ಒಂದು ಪ್ಲೇಟಿನಗಲದೊಳಗೆ ಬಿದ್ದವು. ಆಮೇಲೆ ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ, ಗಂಡನಿಗೆ ಕೇಳಿಸುವಂತೆ ಹೇಳುತ್ತ ಖಾಲಿ ಮಾಡಿದಳು: "ಹೊಟ್ಟೆ. ಗಂಟಲು. ಕಿರುಬೆರಳು."

ಮರ್ಲ್ ಕುರ್ಚಿ ಮಡಚಿದ. ಮುದುಕ ತನ್ನ ಪಿಕಪ್ ಹತ್ತಿ, ಕಿಟಕಿ ಇಳಿಸಿ, ಬೆಟ್ಟದ ಕಡೆ ನೋಡುತ್ತ ಹೇಳಿದ: "ಸೋಮವಾರ ಮೂರನೇ ತೂಬು ಅರ್ಧ ಸುತ್ತು ಜಾಸ್ತಿ ಎತ್ತು. ಹುಲ್ಲು ಒಣಗ್ತಾ ಇದೆ. ಬೋಲ್ಟು ನಾಳೆ ನಾನೇ ಹಾಕ್ತೀನಿ."

ಮನೆಗೆ ಹೋಗುವಾಗ ಡ್ವೇನ್ ಒಂದು ಮಾತೂ ಆಡಲಿಲ್ಲ. ಇಷ್ಟು ವರ್ಷ ಇದನ್ನೇ ಬೇಡಿಕೊಂಡಿದ್ದ ಆರ್ಲಿಸ್‌ಗೆ ಅದೂ ಸಹಿಸಲಾಗಲಿಲ್ಲ. ಸೇತುವೆ ದಾಟಿದ ಮೇಲೆ ಅವನು ಕೇಳಿದ, "ತುಂಬ ನೋಯ್ತಿತ್ತಾ?"

"ಮೊದಲ ವರ್ಷ ನೋಯ್ತಿತ್ತು."

"ನಂಗ್ಯಾಕೆ ಹೇಳಲಿಲ್ಲ?"

"ಯಾವಾಗ ಹೇಳಲಿ? ನೀನು ಉಸಿರು ತಗೊಳ್ಳೋವಾಗ್ಲಾ?"

ಆ ರಾತ್ರಿ ಅವನು ಗ್ಯಾರೇಜಿನಲ್ಲಿ ತನ್ನ ಹಲಗೆಯ ಕೆಳಗೆ ದೀಪ ಹಾಕಿಕೊಂಡು ತುಂಬ ಹೊತ್ತು ಕೂತಿದ್ದ. ಭಾನುವಾರ ಚರ್ಚಿಗೂ ಬರದೆ ಪೇಟೆಗೆ ಹೋದವನು ಸಂಜೆ ಬಂದ.

ಸೋಮವಾರ ಬೆಳಗ್ಗೆ ಅವಳು ಸಲಿಕೆ ಹೆಗಲಿಗೇರಿಸಿ, ಕಪ್ಪು ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ, ಬಿಸ್ಕಿಟ್‌ನನ್ನು ಕರೆದು ಬಾಗಿಲು ತೆಗೆದರೆ ಡ್ವೇನ್ ಮೆಟ್ಟಿಲ ಮೇಲೆ ನಿಂತಿದ್ದ. ಕೈಯಲ್ಲೊಂದು ಹೊಸ ಥರ್ಮಾಸ್.

"ಇದಿದೆಯಲ್ಲ," ಶುರುಮಾಡಿದ, "ಅಂಗಡ್ಯೋನು ಬೇರೆ ಬೇರೆ ತೋರಿಸ್ದ. ಕೆಲವಕ್ಕೆ ಮುಚ್ಚಳ ಸ್ಕ್ರೂ ಥರ, ಕೆಲವಕ್ಕೆ..."

"ಅಯ್ಯೋ ದೇವರೇ," ಅಂದಳು ಆರ್ಲಿಸ್. "ಈಗ ಥರ್ಮಾಸಾ? ಡ್ವೇನ್, ನೀರು ಬಿಡೋ ಹೊತ್ತಾಯ್ತು."

"ಒಂದೇ ನಿಮಿಷ. ಎಲ್ಲಾ ನೋಡಿದೆ. ನನ್ನ ಎಡಗೈ ಮಣಿಕಟ್ಟಿಗೆ ಗಟ್ಟಿಯಾಗಿ ಬಟ್ಟೆ ಸುತ್ತಿಕೊಂಡು ಒಂದೊಂದನ್ನೇ ತೆಗೆದು ನೋಡಿದೆ. ಅಂಗಡ್ಯೋನು ಹುಚ್ಚು ಅಂದ್ಕೊಂಡ. ತಿರುಚೋದು ಯಾವುದೂ ಆಗಲ್ಲ. ಇದಕ್ಕೆ ಮಾತ್ರ ತಿರುಚೋದೇ ಬೇಡ." ಅವನು ಹೆಬ್ಬೆರಳಿನಿಂದ ಮುಚ್ಚಳದ ಗುಂಡಿ ಒತ್ತಿದ. ಅದು ಟಪ್ಪೆಂದು ತೆರೆಯಿತು, ಕಾಫಿಯ ಹಬೆ ಎದ್ದಿತು. "ನಿನ್ನ ಕೈಗೆ ಬರತ್ತಾ ನೋಡು. ಬರದಿದ್ರೆ ವಾಪಸ್ ಕೊಡ್ತೀನಿ."

ಅವಳು ಎಡಗೈ ಚಾಚಿ ಥರ್ಮಾಸ್ ತೆಗೆದುಕೊಂಡು ಗುಂಡಿ ಒತ್ತಿದಳು.

"ಬರತ್ತೆ," ಅಂದಳು, ಮುಚ್ಚಳ ಹಾಕಿ ಕಾಲುವೆಯ ಕಡೆ ನಡೆದಳು.